ರುಮಾಲಿನೊಳಗಿನ ಲಕೋಟೆ

ಬೆಂಗಳೂರಿನ ವಿಧಾನಸಭೆಯ ನಡವಳಿಯ ಪುಸ್ತಕಗಳಲ್ಲಿ ಮಾಳಿಂಗನಹಟ್ಟಿಯ ನೇಕಾರ ಸಾತಪ್ಪನ ಮಾತು ಹದಿನಾರು ವರ್ಷ ಸತತವಾಗಿ ಅಚ್ಚಾಗಿದೆ. ಹೆಸರು ಮಾತ್ರ ಎಲ್ಲಿಯೂ ಇಲ್ಲ. ಅದಕ್ಕೆ ಅವನೇನೂ ಬೇಸರಪಟ್ಟುಕೊಂಡವನಲ್ಲ. ಸೀರೆ ನೇಯ್ದವನ ಹೆಸರನ್ನು ಸೆರಗಿನ ಮೇಲೆ ಯಾರೂ ಬರೆಯುವುದಿಲ್ಲ, ಉಟ್ಟವರದೇ ಸೀರೆ. ಸಾತಪ್ಪ ನೇಯ್ದ ಪ್ರಶ್ನೆಗಳನ್ನು ಉಟ್ಟು ಮೆರೆದವರು ನಮ್ಮ ಕ್ಷೇತ್ರದ ಶಾಸಕ ಶಂಕರೆಪ್ಪನವರು.

ಶಂಕರೆಪ್ಪನವರು ಹುಟ್ಟಾ ವಿರೋಧ ಪಕ್ಷದವರು. ಅರವತ್ತೇಳರಲ್ಲಿ ಅವರು ಮೊದಲ ಸಲ ಗೆದ್ದಾಗ ಅವರ ಪಕ್ಷ ಸೋತಿತ್ತು. ಮುಂದೆ ಅವರು ಗೆಲ್ಲುವ ಪಕ್ಷವೆಂದು ಇನ್ನೊಂದನ್ನು ಸೇರಿದರು, ಆ ಸಲ ಅದು ಸೋತಿತು. ಕೊನೆಗೊಮ್ಮೆ ಅವರ ಹಳೆಯ ಗೆಳೆಯರೆಲ್ಲ ಮಂತ್ರಿಗಳಾಗುವ ಕಾಲ ಬಂದಾಗ, ಅದಕ್ಕೆ ಸರಿಯಾಗಿ ಹದಿನೈದು ದಿನ ಮೊದಲು ಅವರೊಡನೆ ಜಗಳಾಡಿ ಹೊರಬಿದ್ದಿದ್ದರು. ಸರ್ಕಾರಗಳು ಬದಲಾದವು, ಶಂಕರೆಪ್ಪನವರ ಬೆಂಚು ಬದಲಾಗಲಿಲ್ಲ.

ಕಂಠವೆಂದರೆ ಅವರದು ಕಂಠ. ಹುನ್ನೂರಿನಲ್ಲಿ ನಿಂತು ಭಾಷಣ ಮಾಡಿದರೆ ಜಮಖಂಡಿಯಲ್ಲಿ ಎಮ್ಮೆ ಹಗ್ಗ ಹರಿಯುತ್ತಿದ್ದವು. ಆದರೆ ಏನು ಮಾತಾಡಬೇಕೆಂಬುದು ಮಾತ್ರ ಎದ್ದು ನಿಂತ ಮೇಲೆ ಅವರಿಗೆ ಹೊಳೆಯುತ್ತಿರಲಿಲ್ಲ. ಮೊದಲ ಅಧಿವೇಶನದ ಪುಸ್ತಕದಲ್ಲಿ ಅವರ ಹೆಸರು ಮೂರು ಕಡೆ ಇದೆ. ಒಂದು ಕಡೆ ‘ನಾಚಿಕೆಗೇಡು’ ಎಂದಿದ್ದಾರೆ. ಇನ್ನೊಂದು ಕಡೆ ಫ್ಯಾನು ತಿರುಗುತ್ತಿಲ್ಲವೆಂದು ಸಭೆಯ ಗಮನ ಸೆಳೆದಿದ್ದಾರೆ. ಮೂರನೆಯ ಕಡೆ ಸಭಾಧ್ಯಕ್ಷರು ‘ಮಾನ್ಯ ಸದಸ್ಯರು ಕುಳಿತುಕೊಳ್ಳಬೇಕು’ ಎಂದಿದ್ದಾರೆ. ಅವರು ಕುಳಿತರೋ ಇಲ್ಲವೋ ಪುಸ್ತಕ ಹೇಳುವುದಿಲ್ಲ.

ಹೀಗಾದರೆ ಮುಂದಿನ ಚುನಾವಣೆಗೆ ತೋರಿಸಲು ಏನೂ ಉಳಿಯುವುದಿಲ್ಲವೆಂದು ಹೆದರಿ ಶಂಕರೆಪ್ಪನವರು ಸಾತಪ್ಪನ ಮನೆ ಹುಡುಕಿಕೊಂಡು ಬಂದರು. ಸಾತಪ್ಪ ಜಮಖಂಡಿ ಸಂಸ್ಥಾನದ ಕಾಲದಲ್ಲಿ ಮುಲ್ಕಿ ಪರೀಕ್ಷೆ ಪಾಸಾದವನು. ಆಗ ಮುಲ್ಕಿ ಪಾಸಾದವರು ಮಾಸ್ತರರಾಗುತ್ತಿದ್ದರು. ಸಾತಪ್ಪನ ಅಪ್ಪ ಅದೇ ವರ್ಷ ಸತ್ತದ್ದರಿಂದ, ಬರಿದಾದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂಡುವುದು ಅವನ ಪಾಲಿಗೆ ಬಂತು. ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ ಉಳಿದಿತ್ತು. ಇಡೀ ಕ್ಷೇತ್ರದಲ್ಲಿ ಶಂಕರೆಪ್ಪನವರಿಗೆ ತಡವರಿಸದೆ ಓದಲು ಬರುತ್ತಿದ್ದ ಕೈಬರಹ ಅದೊಂದೇ.

“ಸಾತಪ್ಪಾ, ನೀ ಬರದ ಕೊಡು, ನಾ ಒದರತೇನಿ” ಎಂದರು ಶಂಕರೆಪ್ಪನವರು.

“ಒದರೂದ್ರಾಗ ನಿಮ್ಮನ್ನ ಬಿಟ್ರ ಯಾರದಾರ್ರಿ ಸಾಹೇಬ್ರ” ಎಂದ ಸಾತಪ್ಪ. ಹೊಗಳಿಕೆಯೆಂದೇ ಅವರು ತಿಳಿದರು.

ಅಂದಿನಿಂದ ಸಾತಪ್ಪನ ಮಗ್ಗದಲ್ಲಿ ಎರಡು ಬಗೆಯ ಮಾಲು ತಯಾರಾಗತೊಡಗಿತು. ಲಾಳಿ ಅತ್ತಿಂದಿತ್ತ ಓಡುವಾಗ ತಲೆಯಲ್ಲಿ ಪ್ರಶ್ನೆ ಓಡುತ್ತಿತ್ತು. ಪ್ರಶ್ನೆಯ ಹಾಸು ಯಾವಾಗಲೂ ಒಂದೇ. (ಅ) ಇಂಥ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? (ಇ) ಕೈಗೊಂಡಿಲ್ಲದಿದ್ದಲ್ಲಿ ಕಾರಣವೇನು? ಹೊಕ್ಕಿನ ಬಣ್ಣ ಮಾತ್ರ ಬೇರೆ ಬೇರೆ: ನೂಲಿನ ಅಭಾವ, ಸಮೀರವಾಡಿಗೆ ಹೋಗುವ ಕಬ್ಬಿನ ಗಾಡಿಗಳ ದಾರಿ, ಬೀಳಗಿ ಕಡೆಯ ಕುಡಿಯುವ ನೀರು. ಸರ್ಕಾರದ ಬಳಿಯೂ ಉತ್ತರಗಳು ನಾಲ್ಕೇ ಇದ್ದವು. ಗಮನಕ್ಕೆ ಬಂದಿಲ್ಲ. ಮಾಹಿತಿ ಸಂಗ್ರಹಿಸಲಾಗುತ್ತಿದೆ. ಪರಿಶೀಲನೆಯಲ್ಲಿದೆ. ಪ್ರಶ್ನೆ ಉದ್ಭವಿಸುವುದಿಲ್ಲ. ಸಾತಪ್ಪನ ಹೆಂಡತಿ ಲಗಮವ್ವನಿಗೆ ಓದಲು ಬರುತ್ತಿರಲಿಲ್ಲ, ಆದರೂ ಕೇಳಿ ಕೇಳಿ ಆ ನಾಲ್ಕೂ ಅವಳಿಗೆ ಬಾಯಿಪಾಠವಾಗಿದ್ದವು. ಕುಣಿಯೊಳಗಿಂದ ಅವನು “ರೊಟ್ಟಿ ಆದೂವೇನ?” ಎಂದು ಕೂಗಿದರೆ, “ಪರಿಶೀಲನೆಯಾಗ ಅದಾವ್ರಿ” ಎಂದು ಒಲೆಯ ಮುಂದಿನಿಂದ ಉತ್ತರ ಬರುತ್ತಿತ್ತು.

ಪ್ರಶ್ನೆಗಳನ್ನು ಅಧಿವೇಶನಕ್ಕೆ ಸಾಕಷ್ಟು ಮೊದಲೇ ಕಳಿಸಬೇಕು, ಅಂಚೆ ಕಚೇರಿ ಇರುವುದು ಬನಹಟ್ಟಿಯಲ್ಲಿ, ಊರಿಗೂ ಬನಹಟ್ಟಿಗೂ ನಡುವೆ ಹಳ್ಳ. ಮೊದಲು ಅದು ಬೇಸಿಗೆಯಲ್ಲಿ ಒಣಗಿ ಮಲಗುವ ಬಡಪಾಯಿ ಹಳ್ಳವಾಗಿತ್ತು. ಆಮೇಲೆ ಒಂದು ಇಲಾಖೆಯವರು ಕಾಲುವೆ ತಂದರು. ಕಾಲುವೆಯ ಬಸಿನೀರು ಸೇರಿ ಹಳ್ಳ ಹನ್ನೆರಡು ತಿಂಗಳೂ ಸೊಂಟದ ಮಟ್ಟಕ್ಕೆ ಹರಿಯತೊಡಗಿತು. ನೀರು ತರುವುದಷ್ಟೇ ಆ ಇಲಾಖೆಯ ಕೆಲಸ, ದಾಟಿಸುವುದು ಇನ್ನೊಂದು ಇಲಾಖೆಯದು. ಗಂಡಸರು ಸೀರೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಾಟುತ್ತಿದ್ದರು. ಸಾತಪ್ಪ ಲಕೋಟೆಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ರುಮಾಲಿನೊಳಗಿಟ್ಟು ಬಿಗಿದು, ಧೋತರ ಎತ್ತಿ ಕಟ್ಟಿ, ಎರಡೂ ಕೈಯಿಂದ ತಲೆ ಹಿಡಿದುಕೊಂಡು ದಾಟುತ್ತಿದ್ದ. ಹದಿನಾರು ವರ್ಷದಲ್ಲಿ ಒಂದು ಲಕೋಟೆಗೂ ಒಂದು ಹನಿ ನೀರು ತಾಗಲಿಲ್ಲ. ಇದನ್ನು ಅವನು ಹೋದ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ.

ಈ ಹಳ್ಳಕ್ಕೊಂದು ಸೇತುವೆ ಬೇಕೆಂಬ ಪ್ರಶ್ನೆಯನ್ನು ಅವನು ಶಂಕರೆಪ್ಪನವರ ಇತರ ಪ್ರಶ್ನೆಗಳ ನಡುವೆ ಮೊದಲು ಸೇರಿಸಿದ್ದು ಅರವತ್ತೆಂಟರಲ್ಲಿ. ಮಗಳು ಇಂದ್ರವ್ವ ಆಗ ಏಳು ವರ್ಷದವಳು. ‘ಗಮನಕ್ಕೆ ಬಂದಿಲ್ಲ’ ಎಂದು ಉತ್ತರ ಬಂತು. ಎರಡು ವರ್ಷದ ಮೇಲೆ ‘ಗಮನಕ್ಕೆ ಬಂದಿದೆ’ ಎಂದು ಬಂದಾಗ ಮಾಳಿಂಗನಹಟ್ಟಿಯಲ್ಲಿ ಸಕ್ಕರೆ ಹಂಚಿದರು. ಒಂದು ಹಳ್ಳ ಸರ್ಕಾರದ ಗಮನಕ್ಕೆ ಬರುವುದೆಂದರೆ ಸಣ್ಣ ಮಾತೇ? ಆಮೇಲೆ ಅದು ಪರಿಶೀಲನೆಗೆ ಹೋಯಿತು. ಎಪ್ಪತ್ತೆರಡರಲ್ಲಿ ಒಂದು ಮಧ್ಯಾಹ್ನ, ಊಟದ ಹೊತ್ತಾಗಿತ್ತೆಂದು ಕಾಣುತ್ತದೆ, ಶಂಕರೆಪ್ಪನವರು ಬರೆದುಕೊಟ್ಟ ಉಪಪ್ರಶ್ನೆಯನ್ನು ಬಿಡದೆ ಮೂರು ಸಲ ಒದರಿದರು. ಮಂತ್ರಿಗಳು ಬೇಸತ್ತು ‘ಆದಷ್ಟು ಬೇಗ ಕಟ್ಟಿಸಲಾಗುವುದು’ ಎಂದುಬಿಟ್ಟರು.

ಮಂತ್ರಿಗಳು ಸಭೆಯಲ್ಲಿ ಬಾಯಿ ತಪ್ಪಿ ‘ಮಾಡುತ್ತೇವೆ’ ಎಂದರೆ ಅದನ್ನು ಬರೆದಿಟ್ಟುಕೊಂಡು, ಮಾಡಿದಿರೋ ಇಲ್ಲವೋ ಎಂದು ಬೆನ್ನು ಹತ್ತಲು ವಿಧಾನಸಭೆಯಲ್ಲಿ ಒಂದು ಸಮಿತಿಯೇ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಮಾಳಿಂಗನಹಟ್ಟಿಯ ಹಳ್ಳ ಆ ಸಮಿತಿಯ ಪಟ್ಟಿ ಸೇರಿತು. ಅಷ್ಟರಲ್ಲಿ ಮೈಸೂರು ಹೋಗಿ ಕರ್ನಾಟಕ ಬಂದಿತ್ತು. ಉತ್ತರಗಳು ಮಾತ್ರ ಹಳೆಯ ಹೆಸರಿನಲ್ಲೇ ಇದ್ದವು.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಇಂದ್ರವ್ವ ಊರ ಸಾಲೆಯಲ್ಲಿ ಏಳನೆಯ ಇಯತ್ತೆಯನ್ನು ಎಲ್ಲರಿಗಿಂತ ಮುಂದಾಗಿ ಪಾಸಾದಳು. ಹೈಸ್ಕೂಲು ಬನಹಟ್ಟಿಯಲ್ಲಿ. ಸೊಂಟದ ಮಟ್ಟದ ನೀರೆಂದರೆ ಹದಿಮೂರರ ಹುಡುಗಿಗೆ ಎದೆಯ ಮಟ್ಟ.

“ಯಪ್ಪಾ, ನಾ ಸಾಲಿಗಿ ಹ್ಯಾಂಗ ಹೋಗ್ಲಿ?” ಎಂದು ಅವಳು ಕೇಳಿದಳು.

“ಸಮಿತಿ ಬರತೈತವ್ವಾ. ಬಂದು ಹಳ್ಳಾ ನೋಡತಾರ. ಸೇತುವೆ ಆಗೂದ ಖರೆ. ಸ್ವಲ್ಪ ತಡಿ.”

ಹೈಸ್ಕೂಲಿನ ಹೆಡ್‌ಮಾಸ್ತರರು ಒಳ್ಳೆಯವರು. ದೀಪಾವಳಿ ಸೂಟಿ ಮುಗಿಯುವವರೆಗೆ ಹುಡುಗಿಯ ಹೆಸರು ಹಾಜರಿಯಲ್ಲಿ ಇರಲಿ, ಅಷ್ಟರಲ್ಲಿ ಬಂದರೆ ಆಯಿತು ಎಂದರು. ಲಗಮವ್ವ ಮಾತ್ರ “ಊರಿಗೆ ಉಪಕಾರಿ, ಮನಿಗೆ ಮಾರಿ” ಎಂದು ರೊಟ್ಟಿ ಬಡಿದಳು. ಸಾತಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಸಮಿತಿ ಹಳ್ಳ ನೋಡಿದರೆ ಸೇತುವೆ, ಸೇತುವೆಯಾದರೆ ಮಗಳ ಸಾಲೆ. ಎಳೆ ಎಳೆಯಾಗಿ ಹೊಂದಿಸಿಟ್ಟುಕೊಂಡಿದ್ದ.

ದಸರೆಯ ಹೊತ್ತಿಗೆ ಕಾಗದ ಬಂತು. ಸಮಿತಿಯ ಒಂಬತ್ತು ಸದಸ್ಯರು ಸ್ಥಳ ಪರಿಶೀಲನೆಗೆ ಬರುತ್ತಾರೆ, ಅವರಲ್ಲಿ ವಿರೋಧ ಪಕ್ಷದ ಶಂಕರೆಪ್ಪನವರೂ ಒಬ್ಬರು. ಊರು ಚಾವಡಿಯಲ್ಲಿ ಕೂಡಿತು.

“ಒಂಬತ್ತ ಮಂದಿ ದೊಡ್ಡವ್ರು ಬರಾಕತ್ತಾರ. ಹಳ್ಳಾ ಹ್ಯಾಂಗ ದಾಟಸ್ತೀರಿ?” ಎಂದು ಊರ ಹಿರಿಯ ಕರೆಪ್ಪ ಕೇಳಿದ.

“ದಾಟಸೂದ ಬ್ಯಾಡ್ರಿ ಕಾಕಾ. ನಡಾ ಮಟಾ ನೀರಾಗ ಇಳೀಲಿ. ಅದನ್ನ ನೋಡಾಕನ ಬರಾಕತ್ತಾರ” ಎಂದ ಸಾತಪ್ಪ.

“ಛೀ! ಮನಿಗಿ ಬಂದ ಮಂದಿ ತೊಯ್ದ ಧೋತರದಾಗ ಕುಂಡ್ರಬೇಕೇನ್ಲೇ? ಕಾಲಿಗಿ ನೀರ ಕೊಡೂ ಊರ ಇದು. ಕಾಲ ನೀರಾಗ ಇಡಸೂ ಊರಲ್ಲ.”

“ಹಳ್ಳಾ ನೋಡಿ ಆ ಕಡಿಂದನ ತಿರಗಿ ಹೋದ್ರ ಹೋಳಿಗಿ ಯಾರ ತಿನ್ನಾವ್ರು?” ಎಂದ ತುಕಾರಾಮ. ಅವನ ಮನೆಯಲ್ಲಿ ಆಗಲೇ ಬೇಳೆ ಹಸನು ಮಾಡಲು ಕುಳಿತಿದ್ದರು.

ಸಾತಪ್ಪನ ವಿರೋಧ, ಬರೆದುಕೊಟ್ಟ ಚೀಟಿಯಿಲ್ಲದ ಶಂಕರೆಪ್ಪನವರ ವಿರೋಧದಷ್ಟೇ ಹೊತ್ತು ನಿಂತಿತು. ಮನೆಗೆ ಬಂದರೆ ಲಗಮವ್ವನೂ “ನನ್ನ ತವರ ಮಂದಿ ಬಂದ್ರೂ ಹಿಂಗ ನೀರಾಗ ನಿಂದರಸ್ತಿದ್ರೇನ್ರಿ?” ಎಂದಳು. ಅತಿಥಿಗಳ ಮಾನದ ಮುಂದೆ ತರ್ಕ ಯಾವ ಗಿಡದ ತಪ್ಪಲು? ಮೇಲಾಗಿ, ಒಂದನ್ನು ಕಟ್ಟುವುದೆಂದು ಗೊತ್ತಾದ ಮೇಲೆ ನೇಕಾರನ ಕೈ ಸುಮ್ಮನಿರುವುದಿಲ್ಲ. ಹದಗೆಡಿಸಿ ಕಟ್ಟುವುದನ್ನು ನೋಡಲಾರದೆ ಸಾತಪ್ಪನೇ ಮುಂದೆ ನಿಂತ.

ನಲವತ್ತು ಮನೆಯ ಮಗ್ಗಗಳನ್ನು ಬಿಚ್ಚಿದರು. ಕಂಬಗಳನ್ನು ನೀರಲ್ಲಿ ಹೂತು, ತೊಲೆಗಳನ್ನು ಒಂದಕ್ಕೊಂದು ಹೊಂದಿಸಿ ಬಿಗಿದು, ಮೇಲೆ ಕಬ್ಬಿನ ಒಣ ಎಲೆಯ ರವದಿ ಹಾಸಿ, ಅದರ ಮೇಲೆ ಗರಸು ಮಣ್ಣು ಬಡಿದರು. ಗಂಟು ಹಾಕುವುದರಲ್ಲಿ ನೇಕಾರರಿಗೆ ಯಾರು ಸಮ? ನಾಲ್ಕು ದಿನ ಊರಲ್ಲಿ ಲಾಳಿಯ ಸದ್ದೇ ಇರಲಿಲ್ಲ. ಐದನೆಯ ದಿನ ಚಕ್ಕಡಿ ಹೋದರೂ ಅಲುಗದಂಥ ಸೇತುವೆ ನಿಂತಿತು. ಬರುವವರ ಕಾಲಿಗೆ ಗರಸು ಚುಚ್ಚಬಾರದೆಂದು ಮೇಲೆ ಜಮಖಾನೆ ಹಾಸಿದರು.

ಇಂದ್ರವ್ವ ಬುಟ್ಟಿಯಲ್ಲಿ ಗರಸು ಹೊತ್ತಿದ್ದಳು. ಸೇತುವೆ ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಅದರ ಮೇಲೆ ಓಡಿದವಳೂ ಅವಳೇ. ಆಚೆ ದಂಡೆ ಮುಟ್ಟಿ ಈಚೆ ಬಂದು, ಮತ್ತೆ ಓಡಿ, ಏಳು ಸಲ ದಾಟಿದಳು.

“ಯಪ್ಪಾ, ಇದು ಅವ್ರು ಹೋದ ಮ್ಯಾಲೂ ಇರತೈತೇನು?”

“ಇಲ್ಲವ್ವಾ. ಮಗ್ಗಾ ತಿರಗಿ ಹೂಡಬೇಕಲ್ಲ. ಇದು ಬಂದವರಿಗೆ. ನಿನಗ ಕಲ್ಲಿಂದು ಕಟ್ಟಸ್ತಾರ.”

ಸಮಿತಿ ಬಂತು. ಒಂಬತ್ತು ಸದಸ್ಯರು, ಅವರ ಹಿಂದೆ ಇಲಾಖೆಯ ಇಂಜಿನಿಯರು, ಬರೆದುಕೊಳ್ಳುವ ವರದಿಗಾರರು, ಎಲ್ಲರೂ ಜಮಖಾನೆಯ ಮೇಲೆ ನಡೆದು ಬಂದರು. ನಡುಮಧ್ಯದಲ್ಲಿ ಒಬ್ಬ ಸದಸ್ಯರು ನಿಂತು, ಗಾಳಿ ಚೆನ್ನಾಗಿದೆ ಎಂದರು. ದಂಡೆಯಲ್ಲಿ ಒಂಬತ್ತು ತಂಬಿಗೆ ನೀರು ಕಾಲಿಗೆ ಕೊಟ್ಟರು. ಹೋಳಿಗೆ, ತುಪ್ಪ, ಮಾದಲಿ, ಬದನೆಕಾಯಿ ಎಣಗಾಯಿ. ಶಂಕರೆಪ್ಪನವರು ಆರು ಹೋಳಿಗೆ ತಿಂದರು. ಆಮೇಲೆ ಚಾವಡಿಯಲ್ಲಿ ವಿಚಾರಣೆ ಶುರುವಾಯಿತು. ಸಾಕ್ಷಿ ನಂಬರ್ ಒಂದು ಕರೆಪ್ಪ, ಎಲ್ಲರಿಗೂ ತುಪ್ಪ ಸಾಕಷ್ಟು ಬಿತ್ತೇ ಎಂದು ವಿಚಾರಿಸುವುದರಲ್ಲೇ ತನ್ನ ಸಾಕ್ಷ್ಯ ಮುಗಿಸಿದ. ಸಾಕ್ಷಿ ನಂಬರ್ ಎರಡು ಸಾತಪ್ಪ. ಮುಂದಿನದು ಪುಸ್ತಕದಲ್ಲಿ ಹೀಗಿದೆ:

ಅಧ್ಯಕ್ಷರು: ನಾವು ಈಗ ದಾಟಿ ಬಂದದ್ದು ಇದೇ ಹಳ್ಳವೇ?

ಸಾಕ್ಷಿ ನಂ. 2: ಹೌದ್ರಿ.

ಇಂಜಿನಿಯರು: ಮಾನ್ಯ ಸದಸ್ಯರಲ್ಲಿ ಯಾರ ಕಾಲಿಗಾದರೂ ನೀರು ತಾಗಿತೇ ಎಂದು ಸಾಕ್ಷಿಯನ್ನು ಕೇಳಬಹುದು.

ಸಾಕ್ಷಿ ನಂ. 2: ಇಲ್ಲರಿ. ನಾವು ತಾಗಗೊಟ್ಟಿಲ್ಲರಿ.

ಅಧ್ಯಕ್ಷರು: ಹಾಗಾದರೆ ಸೇತುವೆ ಇದೆ.

ಸಾಕ್ಷಿ ನಂ. 2: ಅದನ್ನ ನಾಳೆ ಬಿಚ್ಚತೇವ್ರಿ. ಅವು ನಮ್ಮ ಮಗ್ಗದ ಕಟ್ಟಿಗಿ ಅದಾವ್ರಿ.

ಅಧ್ಯಕ್ಷರು: ಇಷ್ಟು ಚೆನ್ನಾಗಿ ಕಟ್ಟಿದ್ದೀರಿ, ಯಾಕೆ ಬಿಚ್ಚುತ್ತೀರಿ? ಬಿಚ್ಚಬೇಡಿ. (ನಗು)

ಸಾತಪ್ಪ ಶಂಕರೆಪ್ಪನವರ ಮುಖ ನೋಡಿದ. ಇದೇ ಹೊತ್ತು, ಇಲ್ಲೇ ಒದರಬೇಕಾದದ್ದು. ಶಂಕರೆಪ್ಪನವರು ಎದ್ದು ನಿಂತರು. ಎದೆ ಉಬ್ಬಿಸಿ, ಇಂಥ ಅತಿಥಿ ಸತ್ಕಾರದ ಊರು ತಮ್ಮ ಕ್ಷೇತ್ರದಲ್ಲಿರುವುದು ತಮಗೆ ಅಭಿಮಾನದ ಸಂಗತಿಯೆಂದು ವಂದನಾರ್ಪಣೆ ಮಾಡಿದರು. ಆರು ಹೋಳಿಗೆಯ ಮೇಲೆ ಯಾರಿಂದಲೂ ವಿರೋಧ ಹೊರಡುವುದಿಲ್ಲ, ಅವರನ್ನೊಬ್ಬರನ್ನೇ ಬೈದು ಫಲವಿಲ್ಲ.

ವರದಿ ಚೊಕ್ಕಟವಾಗಿ ಬಂತು. ‘ಸ್ಥಳೀಯರ ಶ್ರಮದಾನದಿಂದ ಸೇತುವೆ ನಿರ್ಮಾಣಗೊಂಡಿರುವುದನ್ನು ಸಮಿತಿಯು ಖುದ್ದಾಗಿ ದಾಟಿ ಖಚಿತಪಡಿಸಿಕೊಂಡಿದೆ. ಭರವಸೆ ಈಡೇರಿದೆಯೆಂದು ಪರಿಗಣಿಸಿ ಕೈಬಿಡಲಾಗಿದೆ.’ ಆ ಹೊತ್ತಿಗೆ ಮಗ್ಗಗಳು ಮನೆ ಸೇರಿ ಹಳೆಯ ಲಯ ಹಿಡಿದುಕೊಂಡಿದ್ದವು, ಹಳ್ಳದಲ್ಲಿ ನಾಲ್ಕು ಹಿಡಿ ರವದಿ ತೇಲುತ್ತಿತ್ತು. ಸಾತಪ್ಪ ನಾಲ್ಕು ಪುಟದ ಭಿನ್ನಮತ ಬರೆದ. ಅವನ ಹದಿನಾರು ವರ್ಷದ ಬರವಣಿಗೆಯಲ್ಲಿ ಅದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ರುಮಾಲಿನಲ್ಲಿಟ್ಟು, ಹನಿ ತಾಗಿಸದೆ ದಾಟಿ, ಅಂಚೆಗೆ ಹಾಕಿದ. ವರದಿ ಚರ್ಚೆಗೆ ಬಂದ ದಿನ ಶಂಕರೆಪ್ಪನವರು ಅದನ್ನು ಕಿಸೆಯಲ್ಲಿಟ್ಟುಕೊಂಡೇ ಹೋಗಿದ್ದರು. ಆದರೆ ಅಂದು ಬೆಳಿಗ್ಗೆ ಸಕ್ಕರೆಯ ಧಾರಣೆ ಖಂಡಿಸಿ ವಿರೋಧ ಪಕ್ಷದವರೆಲ್ಲ ಸಭಾತ್ಯಾಗ ಮಾಡಿದರು. ಕಿಸೆಯಲ್ಲಿದ್ದ ನಾಲ್ಕು ಪುಟವೂ ಅವರೊಡನೆ ಸಭಾತ್ಯಾಗ ಮಾಡಿತು.

“ಗದ್ದಲದಾಗ ಮರತೆನಪಾ” ಎಂದರು ಊರಿಗೆ ಬಂದಾಗ.

ಇತ್ಯರ್ಥವಾದ ವಿಷಯವನ್ನು ಮತ್ತೆ ಕೇಳಿದರೆ ಪ್ರಶ್ನೆ ಹಾಗೆಯೇ ತಿರುಗಿ ಬರುತ್ತಿತ್ತು. ಮರು ವರ್ಷ ಯಾವುದೋ ಕಚೇರಿಯವರು ಬಂದು ಆಚೆಯ ದಂಡೆಯಲ್ಲೊಂದು, ಈಚೆಯ ದಂಡೆಯಲ್ಲೊಂದು ಹಲಗೆ ನೆಟ್ಟರು: ‘ಎಚ್ಚರಿಕೆ. ಮುಂದೆ ಕಿರಿದಾದ ಸೇತುವೆ. ನಿಧಾನವಾಗಿ ಚಲಿಸಿ.’ ಸೊಂಟದ ಮಟ್ಟದ ನೀರಲ್ಲಿ ಜನ ನಿಧಾನವಾಗಿಯೇ ಚಲಿಸುತ್ತಿದ್ದರು. ಕಂಬಗಳು ಎಮ್ಮೆ ಕಟ್ಟಲು ಅನುಕೂಲವಾದವು.

ಸಮಿತಿ ಬಂದುಹೋದ ವರ್ಷವೇ, ದೀಪಾವಳಿ ಸೂಟಿ ಮುಗಿದಾಗ, ಹೆಡ್‌ಮಾಸ್ತರರು ಇಂದ್ರವ್ವನ ಹೆಸರು ಹೊಡೆದುಹಾಕಿದ್ದರು. ಅವಳು ಅಪ್ಪನ ಮಗ್ಗದ ಪಕ್ಕದಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತಲು ಕುಳಿತಳು. ಸಾತಪ್ಪ ಮುಂದಿನ ಅಧಿವೇಶನ, ಅದರ ಮುಂದಿನ ಅಧಿವೇಶನ ಎನ್ನುತ್ತಿದ್ದ. ಮೂರು ವರ್ಷ ಕಳೆದ ಮೇಲೆ ಅದೇ ಊರಲ್ಲಿ ಸೋದರತ್ತೆಯ ಮಗನಿಗೆ ಕೊಟ್ಟು ಮದುವೆ ಮಾಡಿದರು. ಹಳ್ಳ ದಾಟುವ ಪ್ರಸಂಗವೇ ಬರಲಿಲ್ಲ.

ಶಂಕರೆಪ್ಪನವರು ಎಂಬತ್ಮೂರರಲ್ಲಿ ಸೋತು, ತೊಂಬತ್ತೊಂದರ ಬೇಸಿಗೆಯಲ್ಲಿ ತೀರಿಕೊಂಡರು. ಅವರ ಮಗ ವಿಧಾನಸಭೆಯ ಸಂತಾಪ ಸೂಚನೆಯ ಅಚ್ಚಾದ ಪ್ರತಿಯನ್ನು ಸಾತಪ್ಪನಿಗೆ ಕಳಿಸಿಕೊಟ್ಟ. ‘ಮಾಳಿಂಗನಹಟ್ಟಿಯ ಸೇತುವೆ ಅವರ ಅವಿರತ ಹೋರಾಟದ ಫಲ’ ಎಂದು ಅದರಲ್ಲಿತ್ತು. ಸದಸ್ಯರೆಲ್ಲ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಿದರಂತೆ. ಶಂಕರೆಪ್ಪನವರ ಹೆಸರೆತ್ತಿದಾಗ ಆ ಸಭೆ ಸುಮ್ಮನಿದ್ದುದು ಅದೇ ಮೊದಲು. ಸಾತಪ್ಪ ಅದನ್ನೂ ಮಗ್ಗದ ಮೇಲಿನ ಗೋಡೆಯ ಮಾಡದಲ್ಲಿ, ತಾನು ಕೂಡಿಟ್ಟಿದ್ದ ನಡವಳಿಯ ಪುಸ್ತಕಗಳ ಸಾಲಿನಲ್ಲಿ ಇಟ್ಟ.

ಆ ಜೂನ್ ತಿಂಗಳಲ್ಲಿ ಇಂದ್ರವ್ವನ ಮಗಳು ಸುಂದರವ್ವ ಏಳನೆಯ ಇಯತ್ತೆ ಮುಗಿಸಿದ್ದಳು. ಇಂದ್ರವ್ವ ಯಾರನ್ನೂ ಕೇಳಲಿಲ್ಲ. ತಾನೇ ಹಳ್ಳ ದಾಟಿ ಬನಹಟ್ಟಿಗೆ ಹೋಗಿ ಹೆಸರು ಹಚ್ಚಿ ಬಂದಳು. ಸಾಲೆ ಶುರುವಾದ ದಿನ ಬೆಳಿಗ್ಗೆ ಮಗಳನ್ನು ಕರೆದುಕೊಂಡು, ಅಪ್ಪನನ್ನೂ ಎಬ್ಬಿಸಿಕೊಂಡು ಹಳ್ಳದ ದಂಡೆಗೆ ಬಂದಳು.

“ಯಪ್ಪಾ, ಹೊರು” ಎಂದಳು.

ಅರವತ್ತು ದಾಟಿದ ಸಾತಪ್ಪ ಧೋತರ ಎತ್ತಿ ಕಟ್ಟಿ ಕುಕ್ಕರಿಸಿದ. ಸುಂದರವ್ವ ಪಾಟಿಚೀಲವನ್ನು ತಲೆಯ ಮೇಲಿಟ್ಟುಕೊಂಡು ಅಜ್ಜನ ಹೆಗಲೇರಿ, ರುಮಾಲು ಹಿಡಿದುಕೊಂಡಳು. ಅವನು ಅವಳ ಕಾಲುಗಳನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು, ಲಕೋಟೆ ಹೊತ್ತು ಸವೆಸಿದ ಅದೇ ಜಾಡಿನಲ್ಲಿ, ಎಲ್ಲಿ ಕಲ್ಲಿದೆ ಎಲ್ಲಿ ಕೆಸರಿದೆ ಎಂದು ಪಾದಕ್ಕೆ ಗೊತ್ತಿದ್ದಂತೆ ದಾಟಿದ. ಹುಡುಗಿಗೆ ಹನಿ ನೀರೂ ತಾಗಲಿಲ್ಲ. ಆಚೆ ಇಳಿಸಿ ತಿರುಗಿ ಬಂದು, ಎಮ್ಮೆ ಕಟ್ಟಿದ ಹಲಗೆಯ ಕಂಬಕ್ಕೆ ಒರಗಿ ಏದುಸಿರು ಬಿಡುತ್ತ ನಿಂತ.

ಇಂದ್ರವ್ವ ನೀರು ನೋಡುತ್ತಿದ್ದಳು.

“ಆವಾಗೂ ನೀರು ಇಷ್ಟ ಇತ್ತಲ್ಲಪಾ?”

“ಹೂಂ. ಇಷ್ಟ ಇತ್ತು.”

“ಲಕೋಟಿ ಹೊತಗೊಂಡು ದಾಟತಿದ್ದಿ. ಹನಿ ತಾಗಸತಿದ್ದಿಲ್ಲ. ನನ್ನ ಯಾಕ ಹೊರಲಿಲ್ಲ ನೀ?”

ಸಾತಪ್ಪನಿಗೆ ನಾಲ್ಕು ಉತ್ತರ ಗೊತ್ತಿದ್ದವು. ಅವುಗಳಲ್ಲಿ ಮೊದಲನೆಯದು ಆ ಹೊತ್ತಿಗೆ ಅಕ್ಷರಶಃ ನಿಜವೂ ಆಗಿತ್ತು. ಗಮನಕ್ಕೆ ಬಂದಿರಲಿಲ್ಲ. ಹದಿನಾರು ವರ್ಷ ಒಬ್ಬ ಮಂತ್ರಿಯ ಗಮನ ಸೆಳೆಯಲು ಒದ್ದಾಡಿದವನಿಗೆ ತನಗೆ ಹೆಗಲಿದೆ ಎಂಬುದೇ ಗಮನಕ್ಕೆ ಬಂದಿರಲಿಲ್ಲ.

“ತಪ್ಪಾತವ್ವಾ” ಎಂದ.

ಮಾಳಿಂಗನಹಟ್ಟಿಯ ಹಳ್ಳದ ಬಗ್ಗೆ ಕೇಳಿದ ಪ್ರಶ್ನೆಗೆ ಯಾರಾದರೂ ನೆಟ್ಟಗೆ ಕೊಟ್ಟ ಉತ್ತರ ಅದೊಂದೇ. ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ.

ಇಂದ್ರವ್ವ ಬಗ್ಗಿ ಅಪ್ಪನ ಧೋತರದ ಅಂಚು ಹಿಂಡಿದಳು. “ಸಂಜೀಕ ಐದಕ್ಕ ಸಾಲಿ ಬಿಡತೈತಿ. ತಡಾ ಮಾಡಬ್ಯಾಡ” ಎಂದು ಮನೆಯ ಕಡೆ ಹೊರಟಳು.

ಸಾತಪ್ಪ ನಾಲ್ಕಕ್ಕೇ ಹಳ್ಳ ದಾಟಿ ಆಚೆ ದಂಡೆಯಲ್ಲಿ ಕುಳಿತಿದ್ದ.